ತಟ್ಟೆಯ ಮುಂದೆ ಹತ್ತು ಅಂಕಿ

ಜಪಾನಿನ ಯಾಕಿನಿಕು ಹೋಟೆಲುಗಳಲ್ಲಿ ಗೋಡೆಯ ಮೇಲೋ ಮೆನುವಿನ ಅಂಚಿನಲ್ಲೋ ಹತ್ತು ಅಂಕಿಯ ಒಂದು ಸಂಖ್ಯೆ ಬರೆದಿರುತ್ತದೆ. ಮೇಜಿನ ನಡುವೆಯೇ ಕೆಂಡವಿಟ್ಟು, ತೆಳುವಾಗಿ ಕೊಯ್ದ ಮಾಂಸವನ್ನು ಗಿರಾಕಿಯೇ ಸುಟ್ಟುಕೊಂಡು ತಿನ್ನುವ ಊಟಕ್ಕೆ ಅಲ್ಲಿ ಯಾಕಿನಿಕು ಎನ್ನುತ್ತಾರೆ. ಆ ಸಂಖ್ಯೆ ಅವತ್ತು ಬಡಿಸುತ್ತಿರುವ ದನದ್ದು. ಫುಕುಶಿಮಾ ಪ್ರಾಂತದ ನಿಶಿಗೊ ಎಂಬ ಊರಿನಲ್ಲಿರುವ ರಾಷ್ಟ್ರೀಯ ಜಾನುವಾರು ತಳಿ ಕೇಂದ್ರದ ಜಾಲತಾಣಕ್ಕೆ ಹೋಗಿ ಆ ಹತ್ತು ಅಂಕಿ ಒತ್ತಿದರೆ ದನ ಹುಟ್ಟಿದ ದಿನ, ಗಂಡೋ ಹೆಣ್ಣೋ, ಯಾವ ತಳಿ, ತಾಯಿಯ ಸಂಖ್ಯೆ ಯಾವುದು, ಎಲ್ಲಿ ಹುಟ್ಟಿ ಎಲ್ಲಿಗೆ ಮಾರಾಟವಾಗಿ ಬೆಳೆಯಿತು, ಯಾವ ದಿನ ಯಾವ ಕಸಾಯಿಖಾನೆಗೆ ಹೋಯಿತು ಎಂಬುದೆಲ್ಲ ಮೊಬೈಲಿನ ಪರದೆಗೆ ಬರುತ್ತದೆ. ಸಾಕಿದವರು ಒಪ್ಪಿದ್ದರೆ ಅವರ ಹೆಸರೂ ಇರುತ್ತದೆ.

ನಮ್ಮ ಊಟ ಎಲ್ಲಿಂದ ಬಂತೆಂದು ತೋರಿಸುವ ತಂತ್ರಜ್ಞಾನದ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಮೆನುವಿನ ಮೂಲೆಯಲ್ಲಿ ಕ್ಯೂಆರ್ ಕೋಡ್, ಅದನ್ನು ಸ್ಕ್ಯಾನ್ ಮಾಡಿದರೆ ಹಸಿರು ಹೊಲದ ವಿಡಿಯೊ, ನಗುವ ರೈತನ ಚಿತ್ರ. ನೋಡಲು ಹಿತವಾಗಿರುತ್ತದೆ. ಆದರೆ ಜಪಾನಿನ ಹೋಟೆಲಿನ ಹತ್ತು ಅಂಕಿಗೂ ಈ ವಿಡಿಯೊಗೂ ಇರುವ ಅಂತರ ದೊಡ್ಡದು. ವಿಡಿಯೊ ಹೇಳುವುದು ಕತೆ. ಹತ್ತು ಅಂಕಿ ಒಪ್ಪಿಸುವುದು ಲೆಕ್ಕ. ಆ ಲೆಕ್ಕ ತಪ್ಪಿದರೆ ಜಪಾನಿನಲ್ಲಿ ಯಾರೋ ಒಬ್ಬರು ಕಾನೂನಿಗೆ ಉತ್ತರ ಕೊಡಬೇಕಾಗುತ್ತದೆ. ಊಟದ ಮೂಲ ತೋರಿಸುವ ಯಾವುದೇ ಹೊಸ ಉಪಾಯ ಕಂಡಾಗ ನಾನು ಮೊದಲು ನೋಡುವುದು ಇದನ್ನೇ: ಪರದೆಯ ಮೇಲಿನ ಮಾತು ಸುಳ್ಳಾದರೆ ಹೊಣೆ ಯಾರದು?

ಜಪಾನು ಈ ಲೆಕ್ಕಕ್ಕೆ ಬಂದದ್ದು ಭಯದಿಂದ. 2001ರ ಸೆಪ್ಟೆಂಬರಿನಲ್ಲಿ ಚಿಬಾ ಪ್ರಾಂತದ ಒಂದು ಹಸುವಿನಲ್ಲಿ ‘ಹುಚ್ಚು ಹಸು’ ರೋಗ ಪತ್ತೆಯಾಯಿತು. ಬ್ರಿಟನ್ನಿನಲ್ಲಿ ಆ ರೋಗ ಮನುಷ್ಯರಿಗೂ ದಾಟಿ ಜನ ಸತ್ತದ್ದನ್ನು ಜಪಾನೀಯರು ವರ್ಷಗಟ್ಟಲೆ ಓದಿಕೊಂಡಿದ್ದರು. ದನದ ಮಾಂಸದ ವ್ಯಾಪಾರ ಕುಸಿದುಬಿತ್ತು. ಸಾಕಿದವರನ್ನೂ ವ್ಯಾಪಾರಿಗಳನ್ನೂ ಉಳಿಸಲೆಂದು ಸರ್ಕಾರ, ರೋಗ ತಪಾಸಣೆ ಶುರುವಾಗುವ ಮೊದಲು ಕಡಿದಿದ್ದ ದೇಶಿ ಮಾಂಸವನ್ನು ತಾನೇ ಕೊಳ್ಳುವ ಯೋಜನೆ ತಂದಿತು. ಅಲ್ಲೇ ಎರಡನೆಯ ಪೆಟ್ಟು ಬಿದ್ದದ್ದು. 2002ರ ಜನವರಿಯಲ್ಲಿ, ಸ್ನೋ ಬ್ರಾಂಡ್ ಫುಡ್ಸ್ ಎಂಬ ದೊಡ್ಡ ಕಂಪನಿ ಆಸ್ಟ್ರೇಲಿಯಾದಿಂದ ತರಿಸಿದ ಅಗ್ಗದ ಮಾಂಸವನ್ನು ದೇಶಿ ಪೆಟ್ಟಿಗೆಗೆ ತುಂಬಿ ಸರ್ಕಾರದ ಹಣ ಪಡೆಯಲು ಹೊರಟಿದ್ದು ಬಯಲಾಯಿತು. ಪೆಟ್ಟಿಗೆ ಬದಲಾಯಿಸುವ ಕೆಲಸ ನಡೆದದ್ದು ನಿಶಿನೊಮಿಯಾ ನಗರದ ಒಂದು ಶೀತಲ ಗೋದಾಮಿನಲ್ಲಿ. ವಿಷಯ ಹೊರಗೆ ಹಾಕಿದವರು ಆ ಗೋದಾಮಿನ ಮಾಲೀಕರೇ. ಕೆಲವೇ ತಿಂಗಳಲ್ಲಿ ಸ್ನೋ ಬ್ರಾಂಡ್ ಫುಡ್ಸ್ ಬಾಗಿಲು ಹಾಕಿತು. ಸತ್ಯ ಹೇಳಿದ ಗೋದಾಮಿನ ಗಿರಾಕಿಗಳೂ ಒಬ್ಬೊಬ್ಬರಾಗಿ ಬಿಟ್ಟುಹೋಗಿ, ಅದೂ ಕೆಲಕಾಲ ವ್ಯವಹಾರ ನಿಲ್ಲಿಸಬೇಕಾಯಿತು. ಈ ಎರಡನೆಯ ಸಂಗತಿಯನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಒಬ್ಬ ಮನುಷ್ಯನ ಧೈರ್ಯವನ್ನೇ ನಂಬಿ ಒಂದು ದೇಶದ ಊಟದ ಪ್ರಾಮಾಣಿಕತೆ ನಿಲ್ಲಬಾರದು. ಬಾಯಿಬಿಟ್ಟವನು ಬೆಲೆ ತೆರುವ ಜಗತ್ತಿನಲ್ಲಂತೂ ನಿಲ್ಲಲಾರದು.

2003ರ ಜೂನಿನಲ್ಲಿ ಜಪಾನಿನ ಸಂಸತ್ತು ಕಾನೂನು ಮಾಡಿತು. ಆ ವರ್ಷದ ಡಿಸೆಂಬರಿನಿಂದ, ಹುಟ್ಟಿದ ಪ್ರತಿ ಕರುವಿನ ಎರಡೂ ಕಿವಿಗೆ ಒಂದೇ ಸಂಖ್ಯೆಯ ಓಲೆ ಹಾಕಬೇಕು. ಹುಟ್ಟು, ಮಾರಾಟ, ಸಾವು ಎಲ್ಲವನ್ನೂ ಕೇಂದ್ರಕ್ಕೆ ತಿಳಿಸಬೇಕು. 2004ರ ಡಿಸೆಂಬರಿನಿಂದ ಕಸಾಯಿಖಾನೆ, ಸಗಟು ವ್ಯಾಪಾರಿ, ಅಂಗಡಿ ಎಲ್ಲರೂ ಆ ಸಂಖ್ಯೆಯನ್ನು ಮಾಂಸದ ಜೊತೆಗೇ ಮುಂದೆ ಸಾಗಿಸಬೇಕು. ಕಾನೂನು ಹೋಟೆಲಿನ ಬಾಗಿಲಲ್ಲಿ ನಿಲ್ಲಲಿಲ್ಲ. ಯಾಕಿನಿಕು, ಶಾಬುಶಾಬು, ಸುಕಿಯಾಕಿ, ಸ್ಟೇಕ್ ಈ ನಾಲ್ಕನ್ನು ಮುಖ್ಯವಾಗಿ ಬಡಿಸುವ ಹೋಟೆಲುಗಳೂ ಸಂಖ್ಯೆ ತೋರಿಸಬೇಕೆಂದಿತು. ದನದ ಮಾಂಸ ಎದ್ದು ಕಾಣುವ ಊಟಗಳು ಇವು. ಸಾರಿನಲ್ಲಿ ಕರಗಿದ ಚೂರಿಗೆ, ಕೈಮಾಕ್ಕೆ, ಹೊರದೇಶದಿಂದ ಕಡಿದೇ ಬಂದ ಮಾಂಸಕ್ಕೆ ಈ ನಿಯಮವಿಲ್ಲ. ಹಲವು ದನಗಳ ಮಾಂಸ ಸೇರಿದ್ದರೆ ಒಂದು ಲಾಟ್ ಸಂಖ್ಯೆ ಹಾಕಬಹುದು, ಆದರೆ ಒಂದು ಲಾಟಿನಲ್ಲಿ 50ಕ್ಕಿಂತ ಹೆಚ್ಚು ದನ ಸೇರಕೂಡದು. ಎಲ್ಲಿ ಲೆಕ್ಕ ಇಡಲು ಸಾಧ್ಯ, ಎಲ್ಲಿ ಇಲ್ಲ ಎಂದು ಕೂತು ಯೋಚಿಸಿ ಎಳೆದ ಗೆರೆಗಳು ಇವು.

ಗೋಡೆಯ ಮೇಲೆ ಯಾವುದೋ ಒಳ್ಳೆಯ ದನದ ಸಂಖ್ಯೆ ಬರೆದು ಬೇರೆ ಮಾಂಸ ಬಡಿಸಿದರೆ? ಕಾಗದದ ಲೆಕ್ಕದಲ್ಲಿ ಇದಕ್ಕೆ ಉತ್ತರವಿಲ್ಲ, ಮಾಂಸದಲ್ಲೇ ಇದೆ. ದನವನ್ನು ಕಡಿದಾಗಲೇ ಒಂದು ಚೂರನ್ನು ತೆಗೆದು, ಸಂಖ್ಯೆ ಬರೆದು, ಇಟ್ಟುಕೊಳ್ಳುತ್ತಾರೆ. ಮುಂದೆ ಅಂಗಡಿಯಿಂದ ಅದೇ ಸಂಖ್ಯೆಯ ಮಾಂಸವನ್ನು ಅಧಿಕಾರಿಗಳು ತಂದು, ಎರಡರ ಡಿಎನ್‌ಎ ಹೋಲಿಸುತ್ತಾರೆ. ಹೊಂದದಿದ್ದರೆ ಸಂಖ್ಯೆ ಎಲ್ಲಿ ಬದಲಾಯಿತೆಂಬ ತನಿಖೆ ಶುರು. ಇಡೀ ಏರ್ಪಾಡಿನ ಬೆನ್ನೆಲುಬು ಆ ಪುಟ್ಟ ಚೂರು. ಕಂಪ್ಯೂಟರು ಮಾತನ್ನು ಸಾಗಿಸಿತು. ಮಾತು ನಿಜವೇ ಎಂದು ಪದಾರ್ಥವೇ ಸಾಕ್ಷಿ ಹೇಳಿತು.

ಈ ಏರ್ಪಾಡಿಗೆ ನಿಜವಾದ ಪರೀಕ್ಷೆ ಎದುರಾದದ್ದು 2011ರಲ್ಲಿ. ಮಾರ್ಚಿನ ಭೂಕಂಪ, ಸುನಾಮಿಯಲ್ಲಿ ಫುಕುಶಿಮಾದ ಅಣುಸ್ಥಾವರ ಒಡೆದು ವಿಕಿರಣಶೀಲ ಸೀಸಿಯಂ ಗಾಳಿಗೆ ಸೇರಿತು. ಗದ್ದೆಗಳಲ್ಲಿ ಒಣಗಲು ಬಿಟ್ಟಿದ್ದ ಭತ್ತದ ಹುಲ್ಲಿನ ಮೇಲೆ ಅದು ಬಿತ್ತು. ಆ ಹುಲ್ಲು ದನಗಳ ಹೊಟ್ಟೆ ಸೇರಿತು. ಜುಲೈಯಲ್ಲಿ ಫುಕುಶಿಮಾ ಪ್ರಾಂತದ ಮಿನಾಮಿಸೋಮಾದಿಂದ ಬಂದ ದನಗಳ ಮಾಂಸದಲ್ಲಿ ಮಿತಿ ಮೀರಿದ ಸೀಸಿಯಂ ಪತ್ತೆಯಾಗುವ ಹೊತ್ತಿಗೆ, ಹುಲ್ಲು ತಿಂದ ಬೇರೆ ದನಗಳ ಮಾಂಸ ಎಷ್ಟೋ ಊರುಗಳಿಗೆ ಹೋಗಿ ಮಾರಾಟವಾಗಿತ್ತು. ಆಡಳಿತಗಳು ಆ ದನಗಳ ಹತ್ತಂಕಿಯ ಸಂಖ್ಯೆಗಳನ್ನು ಪ್ರಕಟಿಸಿದವು. ಕೊಂಡವರು ಫ್ರಿಜ್ಜಿನಲ್ಲಿರುವ ಪೊಟ್ಟಣ ತೆಗೆದು ಪಟ್ಟಿಗೆ ಹೋಲಿಸಿ ನೋಡಬಹುದಿತ್ತು. ಹುಚ್ಚು ಹಸುವಿನ ಭಯಕ್ಕೆಂದು ಕಟ್ಟಿದ ಲೆಕ್ಕ, ಕಟ್ಟುವಾಗ ಯಾರೂ ಊಹಿಸದಿದ್ದ ಅಣುವಿಕಿರಣದ ದಿನಕ್ಕೆ ಒದಗಿಬಂತು.

ಅಕ್ಕಿಯ ಕತೆ ಇನ್ನೂ ದೊಡ್ಡದು. ಫುಕುಶಿಮಾ ಪ್ರಾಂತ 2012ರ ಬೆಳೆಯಿಂದ ತನ್ನ ನೆಲದಲ್ಲಿ ಬೆಳೆದ ಪ್ರತಿಯೊಂದು 30 ಕೆ.ಜಿ. ಚೀಲವನ್ನೂ ಯಂತ್ರದಡಿ ಹಾಯಿಸಿ ಪರೀಕ್ಷಿಸಿತು. ಒಂದು ವರ್ಷಕ್ಕೆ ಸುಮಾರು ಒಂದು ಕೋಟಿ ಚೀಲ. ಪ್ರತಿ ಚೀಲಕ್ಕೂ ಸಂಖ್ಯೆಯಿರುವ ಚೀಟಿ, ಆ ಸಂಖ್ಯೆಗೆ ಪರೀಕ್ಷೆಯ ಫಲಿತಾಂಶ. ಕೆ.ಜಿ.ಗೆ 100 ಬೆಕೆರೆಲ್ ವಿಕಿರಣ ಎಂಬ ಮಿತಿಯನ್ನು ಮೊದಲ ವರ್ಷ ಮೀರಿದ್ದು 71 ಚೀಲ. 2015ರ ಬೆಳೆಯಿಂದ ಒಂದೂ ಇಲ್ಲ. 2020ರ ಬೆಳೆಯಿಂದ ಬಹುತೇಕ ಊರುಗಳಲ್ಲಿ ಮಾದರಿ ಪರೀಕ್ಷೆ ಸಾಕೆಂದು ತೀರ್ಮಾನಿಸಿದರು. ಇಷ್ಟೆಲ್ಲ ಮಾಡಿದ ಮೇಲೂ ಫುಕುಶಿಮಾದ ಹೆಸರಿಗೆ ಹತ್ತಿದ ಕಳಂಕ ಸುಲಭಕ್ಕೆ ಹೋಗಲಿಲ್ಲ. ನಂಬಿಕೆ ಒಮ್ಮೆ ಮುರಿದ ಮೇಲೆ ಲೆಕ್ಕ ಕೊಡುವುದು ಎಷ್ಟು ದುಬಾರಿ ಎಂದು ಆ ಬೆಳೆಗಾರರನ್ನು ಕೇಳಬೇಕು. ತಮ್ಮದಲ್ಲದ ತಪ್ಪಿಗೆ ಅವರು ಚೀಲ ಚೀಲಕ್ಕೂ ಪುರಾವೆ ಕೊಟ್ಟರು.

ಜಪಾನಿನದೇ ಇನ್ನೊಂದು ಕೊಡುಗೆ ನಮ್ಮೆಲ್ಲರ ಜೇಬಿನಲ್ಲಿದೆ. ಕ್ಯೂಆರ್ ಕೋಡನ್ನು 1994ರಲ್ಲಿ ರೂಪಿಸಿದ್ದು ಡೆನ್ಸೊ ಕಂಪನಿ, ಕಾರಿನ ಬಿಡಿಭಾಗಗಳ ಜಾಡು ಹಿಡಿಯಲು. ಉದ್ದಗೆರೆಯ ಬಾರ್‌ಕೋಡಿನಲ್ಲಿ ಹಿಡಿಸದಷ್ಟು ಮಾಹಿತಿ ಆ ಚೌಕದಲ್ಲಿ ಹಿಡಿಸುತ್ತದೆ, ಯಾವ ಕಡೆಯಿಂದ ಓದಿದರೂ ಓದಬಹುದು. ನಮ್ಮೂರಿನ ಎಳನೀರು ಗಾಡಿಗೂ ಹಣ ಕಟ್ಟಲು ಇದು ಬಂದಿರುವುದರಿಂದ, ಊಟದ ಮೂಲ ತೋರಿಸಲು ಇನ್ನು ಹೊಸ ಯಂತ್ರವೇನೂ ಬೇಕಿಲ್ಲ. ಅಡಚಣೆ ಇರುವುದು ಆ ಚೌಕದೊಳಗೆ ಏನು ತುಂಬಬೇಕು, ತುಂಬುವವರು ಯಾರು ಎಂಬಲ್ಲಿ.

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಬೇರೆ ದಾರಿಯಿಂದ ಹಿಡಿದರು. ವಾಲ್‌ಮಾರ್ಟ್ ಕಂಪನಿಯ ಆಹಾರ ಸುರಕ್ಷತೆಯ ವಿಭಾಗ ಐಬಿಎಂ ಜೊತೆ ಸೇರಿ ಒಂದು ಪ್ರಯೋಗ ನಡೆಸಿತು. ಹೆಚ್ಚಿಟ್ಟ ಮಾವಿನಹಣ್ಣಿನ ಒಂದು ಡಬ್ಬಿಯನ್ನು ಹಿಡಿದು, ಇದು ಯಾವ ತೋಟದ್ದು ಎಂದು ಪತ್ತೆಮಾಡಲು ತಮ್ಮ ಸಿಬ್ಬಂದಿಗೆ ಹೇಳಿದರು. ಫೋನು, ಇಮೇಲು, ಕಾಗದ ಎಲ್ಲ ಹುಡುಕಿ ಉತ್ತರ ತರಲು ಹೆಚ್ಚುಕಡಿಮೆ ಏಳು ದಿನ ಹಿಡಿಯಿತು. ಅದೇ ಮಾಹಿತಿಯನ್ನು ಬ್ಲಾಕ್‌ಚೈನಿನಲ್ಲಿ ಮೊದಲೇ ತುಂಬಿಸಿಟ್ಟ ಮೇಲೆ 2.2 ಸೆಕೆಂಡು ಸಾಕಾಯಿತು. 2018ರ ವಸಂತದಲ್ಲಿ ಅಲ್ಲಿ ರೊಮೇನ್ ಎಂಬ ಹಸಿ ಸೊಪ್ಪಿನಿಂದ ಇ-ಕೊಲೈ ಸೋಂಕು ಹರಡಿ 210 ಮಂದಿ ಕಾಯಿಲೆ ಬಿದ್ದರು, ಐವರು ಸತ್ತರು. ಸೊಪ್ಪು ಅರಿಜೋನಾದ ಯೂಮಾ ಕಡೆಯದು ಎಂಬಷ್ಟೇ ಮೊದಲು ಗೊತ್ತಾದದ್ದು. ಕೈಯಲ್ಲಿರುವ ಸೊಪ್ಪು ಎಲ್ಲಿಯದೆಂದು ಜನರಿಗೂ ತಿಳಿಯದು, ಅಂಗಡಿಯವರಿಗೂ ತಿಳಿಯದು. ಒಳ್ಳೆಯದೂ ಕೆಟ್ಟದೂ ಒಟ್ಟಿಗೆ ಕಸದ ಬುಟ್ಟಿಗೆ ಹೋಯಿತು. ತಮ್ಮ ಸೊಪ್ಪಿನಲ್ಲಿ ದೋಷವಿಲ್ಲದ ರೈತರೂ ಮುಳುಗಿದರು. ಆ ವರ್ಷವೇ ವಾಲ್‌ಮಾರ್ಟ್ ತನಗೆ ಸೊಪ್ಪು ಒದಗಿಸುವವರೆಲ್ಲ ಬ್ಲಾಕ್‌ಚೈನಿಗೆ ಸೇರಬೇಕೆಂದು ಹೇಳಿತು.

ಬ್ಲಾಕ್‌ಚೈನ್ ಎಂಬ ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಸ್ತ್ರೀಶಕ್ತಿ ಸಂಘದಲ್ಲಿ ವಾರದ ಉಳಿತಾಯವನ್ನು ಗಟ್ಟಿಯಾಗಿ ಓದಿ, ಹಾಜರಿದ್ದ ಪ್ರತಿಯೊಬ್ಬರೂ ತಂತಮ್ಮ ಪುಸ್ತಕದಲ್ಲಿ ಅದೇ ಲೆಕ್ಕವನ್ನು ಬರೆದುಕೊಂಡರೆ, ಮುಂದೆ ಒಬ್ಬಳು ತನ್ನ ಪುಸ್ತಕವನ್ನು ತಿದ್ದಿ ಪ್ರಯೋಜನವಿಲ್ಲ, ಉಳಿದ ಪುಸ್ತಕಗಳು ಅವಳ ತಿದ್ದುಪಡಿಯನ್ನು ಬಯಲು ಮಾಡುತ್ತವೆ. ಬ್ಲಾಕ್‌ಚೈನೂ ಇಷ್ಟೇ. ಬರೆದದ್ದನ್ನು ಆಮೇಲೆ ಕದ್ದು ತಿದ್ದಲು ಬಿಡುವುದಿಲ್ಲ. ಬರೆಯುವಾಗಲೇ ಸುಳ್ಳು ಬರೆದರೆ? ಆ ಸುಳ್ಳನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ತೂಕದ ಕಟ್ಟೆಯ ಮೇಲೆ ನಿಂತವನು ಏನು ಒತ್ತಿದನೋ ಅದೇ ಶಾಶ್ವತ. ಈ ತಂತ್ರಜ್ಞಾನ ಮಾರುವವರ ಮಾತಿನಲ್ಲಿ ಈ ಅಂಶ ಹಿಂದೆ ಸರಿಯುವುದನ್ನು ನಾನು ಮತ್ತೆ ಮತ್ತೆ ಗಮನಿಸಿದ್ದೇನೆ.

ಸುಳ್ಳಿಗೆ ಎಷ್ಟು ಅವಕಾಶವಿದೆ ಎಂದು ಮೀನು ತೋರಿಸಿಕೊಟ್ಟಿದೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೀಬರ್ಟ್ ಮತ್ತು ಸಂಗಡಿಗರು 2003ರಲ್ಲಿ, ಡಿಎನ್‌ಎಯ ಒಂದು ಗಿಡ್ಡ ತುಂಡನ್ನು ಓದಿ ಯಾವ ಜೀವಿ ಎಂದು ಹೇಳಬಹುದಾದ ವಿಧಾನವನ್ನು ಮುಂದಿಟ್ಟರು. ಚರ್ಮ ಸುಲಿದು, ತಲೆ ಕಡಿದು, ಬೇಯಿಸಿದ ಮೇಲೂ ಮೀನಿನ ಜಾತಿ ಹೇಳಲು ಅದರಿಂದ ಸಾಧ್ಯವಾಯಿತು. ಓಷಿಯಾನಾ ಎಂಬ ಸಂಸ್ಥೆ 2010ರಿಂದ 2012ರವರೆಗೆ ಅಮೆರಿಕದ ಅಂಗಡಿ, ಹೋಟೆಲುಗಳಿಂದ 1,215 ಮೀನಿನ ಮಾದರಿ ತಂದು ಹೀಗೆ ಪರೀಕ್ಷಿಸಿತು. ಮೂರರಲ್ಲೊಂದು ಹೇಳಿದ ಜಾತಿಯದಾಗಿರಲಿಲ್ಲ. ಕೆಂಪು ಸ್ನ್ಯಾಪರ್ ಎಂದು ಮಾರಿದ 120 ಮಾದರಿಗಳಲ್ಲಿ ನಿಜಕ್ಕೂ ಕೆಂಪು ಸ್ನ್ಯಾಪರ್ ಆಗಿದ್ದದ್ದು ಏಳು. ಮೆನುವಿನಲ್ಲಿ ಹೆಸರು ಓದಿ, ದುಡ್ಡು ಕೊಟ್ಟು, ತೃಪ್ತಿಯಿಂದ ಎದ್ದುಹೋದ ಗಿರಾಕಿಗಳಲ್ಲಿ ಹೆಚ್ಚಿನವರು ತಿಂದದ್ದು ಬೇರೆಯೇ ಮೀನು.

ಇನ್ನು ನಮ್ಮ ಕಡೆಗೆ ಬರೋಣ. ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆಯ ದಿನ. ಜನವರಿಯಿಂದ ಮಾರ್ಚ್ ತನಕ ಅಲ್ಲಿ ನೆಲ ಕಾಣುವುದಿಲ್ಲ, ಮೆಣಸಿನಕಾಯಿಯ ಚೀಲಗಳೇ. ಹಾವೇರಿ, ಗದಗ, ಧಾರವಾಡ, ಬಳ್ಳಾರಿ, ರಾಯಚೂರುಗಳಿಂದ ಮಾತ್ರವಲ್ಲದೆ ಗಡಿಯಾಚೆಯ ಆಂಧ್ರದಿಂದಲೂ ಬರುತ್ತದೆ. ರೈತನ ಮಾಲು ಗೇಟಿನೊಳಗೆ ಬಂದ ಕೂಡಲೇ ಅದಕ್ಕೊಂದು ಲಾಟ್ ನಂಬರ್ ಸಿಗುತ್ತದೆ. ರಾಜ್ಯ ಸರ್ಕಾರ 2014ರಲ್ಲಿ ಖಾಸಗಿ ಪಾಲುದಾರಿಕೆಯಲ್ಲಿ ಕಟ್ಟಿದ ಏಕೀಕೃತ ಮಾರುಕಟ್ಟೆ ವೇದಿಕೆಯ ಏರ್ಪಾಡು ಅದು. ಖರೀದಿದಾರರು ಲಾಟ್ ನೋಡಿ ಕಂಪ್ಯೂಟರಿನಲ್ಲಿ ಟೆಂಡರ್ ಹಾಕುತ್ತಾರೆ. ಯಾವ ಊರಿನ ಯಾವ ರೈತನ ಎಷ್ಟು ಚೀಲ, ಯಾರು ಎಷ್ಟಕ್ಕೆ ಕೊಂಡರು, ಅಷ್ಟೂ ದಾಖಲೆಯಾಗುತ್ತದೆ. ಜಪಾನಿನ ಹತ್ತು ಅಂಕಿಯ ಹಾಗೆ ಒಂದು ಸಂಖ್ಯೆ ಅಲ್ಲೇ ಹುಟ್ಟುತ್ತದೆ, ಮತ್ತು ಅಲ್ಲೇ ಸಾಯುತ್ತದೆ. ಕೊಂಡ ಮೇಲೆ ವರ್ತಕರು ಹತ್ತಾರು ಲಾಟನ್ನು ಸುರಿದು, ಬಣ್ಣ ನೋಡಿ ಆರಿಸಿ, ಬೆರೆಸಿ, ಕೋಲ್ಡ್ ಸ್ಟೋರೇಜಿಗೆ ಹಾಕುತ್ತಾರೆ. ಅಲ್ಲಿಂದ ಪುಡಿ ಕಾರ್ಖಾನೆ, ಅಲ್ಲಿಂದ ಪೊಟ್ಟಣ, ಅಲ್ಲಿಂದ ಬೆಂಗಳೂರಿನ ಹೋಟೆಲಿನ ಬಿಸಿಬೇಳೆ ಬಾತು. ‘ಬ್ಯಾಡಗಿ’ ಎಂಬ ಹೆಸರು ಮಾತ್ರ ಕೊನೆತನಕ ಬರುತ್ತದೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ, ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಆ ಸುಕ್ಕುಗಟ್ಟಿದ ಕಡ್ಡಿ, ಡಬ್ಬಿ ಮೆಣಸಿನಕಾಯಿಯೇ ಪೊಟ್ಟಣದಲ್ಲಿದೆಯೇ, ಇಲ್ಲ ಹೆಚ್ಚು ಇಳುವರಿಯ ಬೇರೆ ತಳಿಯೇ ಎಂದು ಉಣ್ಣುವವರಿಗೆ ತಿಳಿಯುವ ದಾರಿಯಿಲ್ಲ.

ಹೀಗೆ ಬೆರೆಸುವುದು ಮೋಸವಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. ಪುಡಿಯ ಬಣ್ಣ, ಖಾರ ವರ್ಷಪೂರ್ತಿ ಒಂದೇ ಹದದಲ್ಲಿ ಇರಬೇಕಾದರೆ ಬೆರೆಸಲೇಬೇಕು. ಆದರೆ ಬೆರೆಸುವ ಜಾಗದಲ್ಲಿ ಲೆಕ್ಕವೂ ಬೆರೆತುಹೋಗುವುದು ಅಪಾಯ. 2003ರಲ್ಲಿ ಭಾರತದಿಂದ ಹೋದ ಮೆಣಸಿನ ಪುಡಿಯಲ್ಲಿ ಸುಡಾನ್-1 ಎಂಬ ಕಾರ್ಖಾನೆಯ ಬಣ್ಣ ಇರುವುದನ್ನು ಫ್ರಾನ್ಸಿನವರು ಪತ್ತೆ ಹಚ್ಚಿದರು. ಹೊಳೆಯುವ ಕೆಂಪಿಗಾಗಿ ಯಾರೋ ಸೇರಿಸಿದ್ದು. ಕ್ಯಾನ್ಸರಿನ ಶಂಕೆಯಿರುವ ಬಣ್ಣ. 2005ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ, ಅಂಥದೇ ಪುಡಿ ವೂಸ್ಟರ್ ಸಾಸಿಗೆ ಸೇರಿ, ಆ ಸಾಸು ನೂರಾರು ಸಿದ್ಧ ಊಟಗಳಿಗೆ ಸೇರಿದ್ದು ಗೊತ್ತಾಗಿ 400ಕ್ಕೂ ಹೆಚ್ಚು ಪದಾರ್ಥಗಳನ್ನು ಅಂಗಡಿಗಳಿಂದ ವಾಪಸು ತರಿಸಿದರು. ಒಂದೆಡೆ ಸೇರಿದ ಬಣ್ಣ ಸಾಸು, ಸೂಪು, ಪಿಜ್ಜಾಗಳನ್ನು ಮುಟ್ಟಿತು. ರಫ್ತಾಗುವ ಮೆಣಸಿನಕಾಯಿಗೆ ಸಾಂಬಾರ ಮಂಡಳಿ ಸುಡಾನ್ ಪರೀಕ್ಷೆಯನ್ನು ಕಡ್ಡಾಯ ಮಾಡಿದ್ದು ಈ ಪೆಟ್ಟಿನಿಂದಲೇ. ಹೊರದೇಶಕ್ಕೆ ಹೋಗುವ ಚೀಲಕ್ಕೆ ಇರುವಷ್ಟು ಕಾಳಜಿ ಗದಗಿನ ಖಾನಾವಳಿಗೆ ಹೋಗುವ ಚೀಲಕ್ಕೂ ಸಿಗಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ರಫ್ತಿಗೊಂದು, ನಮಗೊಂದು ಎಂಬ ಈ ಭೇದ ದ್ರಾಕ್ಷಿಯಲ್ಲೂ ಇದೆ. ಯುರೋಪಿನಲ್ಲಿ ಕೀಟನಾಶಕದ ಉಳಿಕೆ ಕಂಡು ನಮ್ಮ ದ್ರಾಕ್ಷಿಗೆ ಕಂಟಕ ಬಂದ ಮೇಲೆ, ಕೃಷಿ ರಫ್ತು ಪ್ರಾಧಿಕಾರ ಅಪೇಡಾ 2006ರಲ್ಲಿ ಗ್ರೇಪ್‌ನೆಟ್ ಶುರುಮಾಡಿತು. ತೋಟದ ನೋಂದಣಿ, ಕೊಯ್ಲಿಗೆ ಮೊದಲು ಮಾದರಿ, ಪ್ರಯೋಗಶಾಲೆಯ ವರದಿ, ಪ್ಯಾಕ್‌ಹೌಸ್, ಪೆಟ್ಟಿಗೆ ಎಲ್ಲವೂ ಒಂದೇ ದಾರದಲ್ಲಿ. ರೋಟರ್‌ಡ್ಯಾಮಿನ ಅಂಗಡಿಯಲ್ಲಿರುವ ಪೆಟ್ಟಿಗೆಯಿಂದ ಹಿಂದೆ ನಡೆದು ತೋಟ ತಲುಪಬಹುದು. ಬೆಂಗಳೂರಿನ ಅಂಗಡಿಯ ದ್ರಾಕ್ಷಿಯಿಂದ ಹಾಗೆ ಹಿಂದೆ ನಡೆಯಲು ನಮಗೆ ದಾರವಿಲ್ಲ.

ನಮ್ಮ ಹೋಟೆಲಿನಲ್ಲಿ ಕಾನೂನು ಈಗ ಏನನ್ನು ತೋರಿಸುತ್ತಿದೆ? ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ ಇರಬೇಕು. ಅದು 2022ರಿಂದ ಕಡ್ಡಾಯ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಶಾಖೆಗಳಿರುವ ಹೋಟೆಲುಗಳು ತಿಂಡಿಯ ಕ್ಯಾಲೊರಿ ಹಾಕಬೇಕು. ಅಡುಗೆ ಮಾಡಿದವರು ಯಾರು, ತಿಂದರೆ ಎಷ್ಟು ಶಕ್ತಿ ಎಂಬುದು ಇವುಗಳಿಂದ ಗೊತ್ತಾಗುತ್ತದೆ. ಬೆಳೆದವರ ವಿಚಾರ ಬರುವುದಿಲ್ಲ.

ಎಲ್ಲದಕ್ಕೂ ಮೂಲ ತೋರಿಸಲೇಬೇಕು ಎಂಬ ಹಟ ನನಗಿಲ್ಲ. ಹಾಲನ್ನು ನೋಡಿ. ಹಳ್ಳಿಯ ಡೇರಿಯಲ್ಲಿ ಬೆಳಗ್ಗೆ, ಸಂಜೆ ಹಾಲು ಹಾಕುವಾಗ ಪ್ರತಿಯೊಬ್ಬರ ಹಾಲಿನ ಅಳತೆ, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ದಾಖಲಾಗುತ್ತದೆ; ಹಸುವಿನ ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇರುತ್ತದೆ. ಈ ಎರಡು ಲೆಕ್ಕಗಳು ಒಂದನ್ನೊಂದು ಸಂಧಿಸುವುದಿಲ್ಲ. ಅಳೆದ ಹಾಲು ಎಲ್ಲರ ಹಾಲಿನ ಜೊತೆ ಶೀತಲೀಕರಣದ ತೊಟ್ಟಿಗೆ ಬೀಳುತ್ತದೆ. ಕಾಫಿಯ ಲೋಟದಲ್ಲಿರುವ ಹಾಲು ಯಾವ ಗೌರಿ ಹಸುವಿನದೆಂದು ಹೇಳಲು ಇನ್ನು ಯಾವ ಯಂತ್ರಕ್ಕೂ ಆಗದು, ಹೇಳುವ ಅಗತ್ಯವೂ ಇಲ್ಲ. ಯಾವ ದಿನ ಯಾವ ಯಾವ ಸಂಘಗಳ ಹಾಲು ಈ ಪೊಟ್ಟಣಕ್ಕೆ ಬಂತು ಎಂಬಷ್ಟು ಗೊತ್ತಾದರೆ ಸಾಕು. ದೋಷ ಕಂಡಾಗ ಅಷ್ಟರಿಂದಲೇ ಹಿಂದೆ ಹೋಗಬಹುದು. ಜಪಾನಿನವರು 50 ದನಕ್ಕೆ ಗೆರೆ ಎಳೆದ ಹಾಗೆ ಪ್ರತಿ ಪದಾರ್ಥಕ್ಕೂ ಅದರದೇ ಗೆರೆ ಬೇಕು.

ಗೆರೆಯನ್ನು ತೋಟದವರೆಗೂ ಎಳೆಯಬಹುದಾದ ನಮ್ಮ ಬೆಳೆ ಕಾಫಿ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. ಅದೇ ವರ್ಷದ ಮಾರ್ಚಿನಲ್ಲಿ ಕಾಫಿ ಮಂಡಳಿ, ಬೆಳೆಗಾರರನ್ನೂ ಕೊಳ್ಳುವವರನ್ನೂ ನೇರ ಸೇರಿಸುವ ಬ್ಲಾಕ್‌ಚೈನ್ ಮಾರುಕಟ್ಟೆಯ ಪ್ರಯೋಗ ಆರಂಭಿಸಿತು. ಬೆಂಗಳೂರಿನ ಕೆಲವು ಕಾಫಿ ಅಂಗಡಿಗಳಲ್ಲಿ ಪೊಟ್ಟಣದ ಮೇಲೆ ತೋಟದ ಹೆಸರು, ಸಮುದ್ರಮಟ್ಟದಿಂದ ಎತ್ತರ, ಹಣ್ಣನ್ನು ಪಲ್ಪ್ ಮಾಡಿದ್ದೋ ಹಾಗೇ ಒಣಗಿಸಿದ್ದೋ, ಹುರಿದ ದಿನ ಎಲ್ಲ ಅಚ್ಚಾಗಿರುತ್ತದೆ. ನಮ್ಮ ಬೇರೆ ಯಾವ ಆಹಾರವೂ ಇಷ್ಟು ಮಾತಾಡುವುದಿಲ್ಲ.

ದರ್ಶಿನಿಯ ಸ್ಟೀಲ್ ಲೋಟದ ಕಾಫಿ ಮಾತ್ರ ಮೌನವಾಗಿದೆ. ಅದರಲ್ಲಿ ಚಿಕೋರಿ ಇರುತ್ತದೆ; ಶೇ 49ರವರೆಗೆ ಸೇರಿಸಲು ನಿಯಮ ಒಪ್ಪುತ್ತದೆ, ಎಷ್ಟು ಸೇರಿಸಿದ್ದೇವೆಂದು ಪೊಟ್ಟಣದ ಮೇಲೆ ಬರೆಯಬೇಕು. ಪೊಟ್ಟಣ ಅಡುಗೆಮನೆಯಲ್ಲಿರುತ್ತದೆ, ಲೋಟ ನಮ್ಮ ಕೈಯಲ್ಲಿ. ಚಿಕೋರಿ ಬೆಳೆಯುವುದು ಮುಖ್ಯವಾಗಿ ಗುಜರಾತ್, ಉತ್ತರ ಪ್ರದೇಶಗಳಲ್ಲಿ. ಚಿಕ್ಕಮಗಳೂರಿನ ಗಾಳಿ, ಮಳೆ, ನೆರಳುಮರ ಎಂದುಕೊಂಡು ನಾವು ಹೀರುವ ಕಾಫಿಯಲ್ಲಿ ಜಾಮ್‌ನಗರದ ಕಡೆಯ ಹೊಲದ ಬೇರೂ ಕುದಿದಿರಬಹುದು. ಚಿಕೋರಿ ಕೆಟ್ಟದ್ದಲ್ಲ, ದಕ್ಷಿಣದ ನಾಲಿಗೆಗೆ ಅದರ ಗಟ್ಟಿತನ ಒಗ್ಗಿದೆ. ಕೌಂಟರಿನ ದರಪಟ್ಟಿಯಲ್ಲಿ ‘ಕಾಫಿ 70, ಚಿಕೋರಿ 30’ ಎಂದು ಬರೆಯಲು ಕ್ಯೂಆರ್ ಕೋಡೂ ಬೇಡ, ಸೀಮೆಸುಣ್ಣ ಸಾಕು. ಊಟದ ಮೂಲ ತೋರಿಸುವ ಕೆಲಸ ನಮ್ಮಲ್ಲಿ ಇಲ್ಲಿಂದ ಶುರುವಾದರೆ ನನಗೆ ಸಂತೋಷ.

ಹೊರದೇಶಕ್ಕೆ ಹೋಗುವ ಕಾಫಿಗೆ ಈಗ ಬೇರೆಯೇ ಒತ್ತಡ. ಯುರೋಪಿನ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ತಡೆ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ನೆಲದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ. ಹಾಗಾಗಿ ಪ್ರತಿ ಚೀಲದ ಜೊತೆ ಅದು ಬೆಳೆದ ನೆಲದ ಅಕ್ಷಾಂಶ, ರೇಖಾಂಶ ಹೋಗಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಸುತ್ತಲ ಗಡಿಯ ನಕ್ಷೆಯನ್ನೇ ಕೊಡಬೇಕು. ಉಪಗ್ರಹದ ಹಳೆಯ ಚಿತ್ರದ ಮೇಲೆ ಆ ಗಡಿಯನ್ನಿಟ್ಟು ಮರಗಳು ಆಗ ಇದ್ದವೇ, ಈಗ ಇವೆಯೇ ಎಂದು ನೋಡಬಹುದು. ಜಾರಿಯ ಗಡುವು ಮುಂದೆ ಹೋಗುತ್ತ ಬಂದಿದೆ, ನಿಯಮ ಉಳಿದಿದೆ. ನೆರಳುಮರಗಳ ಕೆಳಗೆ ಕಾಫಿ ಬೆಳೆಯುವ ನಮ್ಮ ಮಲೆನಾಡಿಗೆ ಇದು ಅನುಕೂಲವಾಗಬೇಕಿತ್ತು. ತೊಡಕು ಬೇರೆ ಕಡೆ ಇದೆ. ನಿಯಮ ನೆಲದ ಕಾನೂನುಬದ್ಧತೆಯನ್ನೂ ಕೇಳುತ್ತದೆ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇರುವವರು, ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನನ್ನು ಪಟ್ಟೆದಾರನ ಹೆಸರಿನಲ್ಲಿ ಒಟ್ಟಾಗಿ ಉಳ್ಳ ಕುಟುಂಬಗಳು, ಹತ್ತಾರು ವರ್ಷದಿಂದ ಸಾಗುವಳಿ ಮಾಡಿಯೂ ಹಕ್ಕುಪತ್ರ ಸಿಗದವರು ಏನು ತೋರಿಸಬೇಕು? ದೊಡ್ಡ ಎಸ್ಟೇಟಿಗೆ ಗುಮಾಸ್ತರು, ಕಂಪ್ಯೂಟರು ಇವೆ. ನಮ್ಮ ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣವರು. ಅವರ ಹತ್ತು ಹದಿನೈದು ಮೂಟೆ ಚೆರ್ರಿ ಊರಿನ ವ್ಯಾಪಾರಿಯ ಲಾರಿಗೆ ಹತ್ತಿ, ಸಿಪ್ಪೆ ಬಿಡಿಸಿ ಹದಮಾಡುವ ಕ್ಯೂರಿಂಗ್ ವರ್ಕ್ಸ್ ತಲುಪುವ ಮೊದಲೇ ನಾಲ್ಕು ಊರಿನ ಮಾಲಿನೊಂದಿಗೆ ಸೇರಿರುತ್ತದೆ. ಕಾಡು ಉಳಿಸಲೆಂದು ಬಂದ ಲೆಕ್ಕ, ಕಾಡನ್ನು ಮುಟ್ಟದ ಸಣ್ಣ ಬೆಳೆಗಾರನನ್ನೇ ಹೊರಗೆ ನಿಲ್ಲಿಸುವ ಸಾಧ್ಯತೆ ನನ್ನನ್ನು ಕಾಡುತ್ತದೆ.

ಇದುವರೆಗೆ ಹೇಳಿದ ಎಲ್ಲ ಏರ್ಪಾಡುಗಳಲ್ಲೂ ಮಾಹಿತಿ ಒಂದೇ ದಿಕ್ಕಿಗೆ ಹರಿಯುತ್ತದೆ. ಉಣ್ಣುವವರಿಗೆ ಬೆಳೆದವರ ಹೆಸರು, ಮುಖ, ನೆಲದ ಗಡಿ ಎಲ್ಲ ಕಾಣುತ್ತದೆ. ಬೆಳೆದವರಿಗೆ ತಮ್ಮ ಮಾಲು ಎಲ್ಲಿಗೆ ಹೋಯಿತು, ಯಾರು ಉಂಡರು, ಕೊನೆಗೆ ಎಷ್ಟಕ್ಕೆ ಮಾರಿತು ಎಂದು ಕಾಣುವುದಿಲ್ಲ. ಈ ಏಕಮುಖ ಕಿಟಕಿ ನನಗೆ ಸರಿಯೆನಿಸಿಲ್ಲ. ಕೆನಡಾದ ಎಕೋಟ್ರಸ್ಟ್ ಸಂಸ್ಥೆ 2010ರ ಸುಮಾರಿಗೆ ‘ದಿಸ್‌ಫಿಶ್’ ಎಂಬ ಏರ್ಪಾಡು ಮಾಡಿತು. ಮೀನುಗಾರರು ತಾವು ಹಿಡಿದ ಮೀನು, ಲಾಬ್‌ಸ್ಟರ್‌ಗಳಿಗೆ ಸಂಖ್ಯೆಯ ಚೀಟಿ ಕಟ್ಟುತ್ತಿದ್ದರು. ಕೊಂಡವರು ಅಥವಾ ಹೋಟೆಲಿನಲ್ಲಿ ತಿಂದವರು ಆ ಸಂಖ್ಯೆ ಒತ್ತಿದರೆ ಯಾರು, ಯಾವ ದೋಣಿಯಿಂದ, ಯಾವ ಕಡಲಲ್ಲಿ ಹಿಡಿದರೆಂದು ಕಾಣುತ್ತಿತ್ತು. ಅಲ್ಲಿಂದಲೇ ಮೀನುಗಾರನಿಗೆ ಒಂದು ಸಂದೇಶವನ್ನೂ ಕಳಿಸಬಹುದಿತ್ತು. ದಡದಲ್ಲಿ ಮಾಲು ಇಳಿಸಿದ ಮೇಲೆ ಅದರ ಸುದ್ದಿಯೇ ಇಲ್ಲದ ಮನುಷ್ಯನಿಗೆ, ಅದನ್ನು ಉಂಡವರ ಊರು ಗೊತ್ತಾಗುತ್ತಿತ್ತು.

ಇಂಥ ಕಿಟಕಿಯನ್ನು ನಮ್ಮಲ್ಲೂ ಎರಡೂ ಕಡೆಗೆ ತೆರೆಯಬಹುದು. ಬ್ಯಾಡಗಿಯ ಲಾಟ್ ನಂಬರನ್ನು ಪುಡಿಯ ಪೊಟ್ಟಣದವರೆಗೆ ಸಾಗಿಸಿ. ಒಂದೇ ಲಾಟ್ ಎಂದು ಹಟ ಬೇಡ, ಈ ಪೊಟ್ಟಣದಲ್ಲಿ ಸೇರಿದ ಲಾಟುಗಳು ಇವು ಎಂಬ ಪಟ್ಟಿ ಇರಲಿ. ಟೆಂಡರಿನ ಬೆಲೆ ಹೇಗೂ ಸರ್ಕಾರದ ಕಂಪ್ಯೂಟರಿನಲ್ಲಿದೆ. ಆ ಪೊಟ್ಟಣ ಎಷ್ಟಕ್ಕೆ ಮಾರಾಟವಾಯಿತೆಂಬುದು ಮಾಲು ಕೊಟ್ಟ ರೈತನ ಮೊಬೈಲಿಗೂ ಹೋಗಲಿ. ಕಾಫಿಯಲ್ಲಿ ಕ್ಯೂರಿಂಗ್ ವರ್ಕ್ಸ್‌ಗಳು ಸಣ್ಣ ಬೆಳೆಗಾರರ ಮೂಟೆಗಳನ್ನು ಊರುವಾರು ಲಾಟಾಗಿ ಬೇರೆ ಇಡಬಹುದು. ಒಂದು ಊರಿನ ಇಪ್ಪತ್ತು ಮನೆಗಳ ಕಾಫಿ ಒಂದು ಲಾಟ್. ಬೇರೆ ಕಣ, ಬೇರೆ ಚೀಲ, ಬೇರೆ ದಾಖಲೆಗೆ ಖರ್ಚಾಗುತ್ತದೆ. ಆ ಖರ್ಚನ್ನು ಬೆಳೆಗಾರನ ಔಟ್‌ಟರ್ನ್ (ಚೆರ್ರಿಯಿಂದ ಎಷ್ಟು ಬೇಳೆ ಬಂತೆಂಬ) ಲೆಕ್ಕದಿಂದ ಮುರಿದುಕೊಳ್ಳಬಾರದು. ಕಾಫಿ ಎಲ್ಲಿಂದ ಬಂತೆಂದು ತಿಳಿಯಬೇಕಾದದ್ದು ಕುಡಿಯುವವರಿಗೆ. ಲೋಟಕ್ಕೆ ಒಂದೆರಡು ರೂಪಾಯಿ ಹೆಚ್ಚು ಕೊಟ್ಟು ಅದನ್ನು ಭರಿಸಬೇಕಾದವರೂ ನಾವೇ.